ಹೊಳೆಮರಳಿನ ಕುದುರೆಗಳು – ಕಂತು ಏಳು: ಮದರಂಗಿ ಬಾಲ

"ಹಿಂಗಾಲು," ಎಂದ ಗುಡುಸಾಬ.

ಸತ್ತವನ ತಲೆಯ ಫೋಟೋವನ್ನು ಮುದುಕ ಮೊದಲು ಮೂಗಿನ ಹತ್ತಿರ ಹಿಡಿದ, ಆಮೇಲೆ ತೋಳಿನುದ್ದ ದೂರ ಹಿಡಿದ, ಕೊನೆಗೆ ಕುಲುಮೆಯ ಕಟ್ಟೆಯ ಮೇಲಿಟ್ಟು ಬೆರಳನ್ನು ಲುಂಗಿಗೆ ಒರೆಸಿಕೊಂಡ. ಬಲಗಿವಿಯ ಹಿಂದೆ ಕಮಾನಿನಂಥ ಗಾಯ. ಪಕ್ಕದಲ್ಲಿ ಡಾಕ್ಟರು ಇಟ್ಟ ಅಳತೆಪಟ್ಟಿ.

"ಖಾತ್ರಿ ಏನ್ರೀ ಚಾಚಾ?" ಸಬ್ ಇನ್‌ಸ್ಪೆಕ್ಟರ್ ಸುನಂದಾ ಕೇಳಿದಳು.

"ಐವತ್ತೆರಡು ವರ್ಷ ಆತು ತಾಯಿ, ಕುದ್ರಿ ಕಾಲು ತೊಡಿಮ್ಯಾಲ ಇಟ್ಕೊಂಡು. ಇದು ಹಿಂಗಾಲಿನ ಲಾಳದ ಗುರ್ತು. ಕುದ್ರಿ ಒದ್ದದ. ಮನಷ್ಯಾರ ಕೆಲ್ಸ ಅಲ್ಲ."

ಸುನಂದಾಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ದೇವದುರ್ಗದಿಂದ ರಾಯಚೂರಿನ ಈ ಓಣಿಗೆ, ರೈಲ್ವೆ ಸ್ಟೇಷನ್ನಿನ ಹಿಂದಿನ ಈ ಮಸಿ ಹಿಡಿದ ಕುಲುಮೆಗೆ ಅವಳು ಬಂದದ್ದೇ ಈ ಒಂದು ಮಾತಿಗಾಗಿ. ಸುತ್ತಮುತ್ತ ಕುದುರೆಗೆ ಲಾಳ ಕಟ್ಟುವ ಕೈ ಇನ್ನು ಇದೊಂದೇ ಉಳಿದಿರುವುದು. ಟಾಂಗಾಗಳು ಹೋದವು, ಅವು ನಿಲ್ಲುತ್ತಿದ್ದ ಜಾಗಕ್ಕೆ ಆಟೋಗಳು ಬಂದವು. ಓಣಿಯವರು ನಾಲಬಂದ ಎಂದು ಕರೆಯುವ ಗುಡುಸಾಬ ಮಾತ್ರ ಬೆಂಕಿಯೆದುರು ಹಾಗೇ ಕುಳಿತುಬಿಟ್ಟಿದ್ದ.

ನಾಲ್ಕು ದಿನದ ಹಿಂದೆ, ಕೃಷ್ಣೆ ಬತ್ತಿ ಹರಡಿದ ಮರಳಿನಲ್ಲಿ, ಕಾಡುಬಿದ್ದ ಕುದುರೆಗಳ ಫೋಟೋ ತೆಗೆಯಲು ಹೋಗಿದ್ದ ಮಾನ್ವಿಯ ಮದುವೆ ಫೋಟೋಗ್ರಾಫರ್ ಮಲ್ಲೇಶ ಹೆಣವಾಗಿ ಸಿಕ್ಕಿದ್ದ. ನಿನ್ನೆ ಸಂಜೆ ಐದಕ್ಕೆ ಸುನಂದಾ ತನ್ನ ಕೈಯಾರೆ ಆಂಜನೇಯನನ್ನು ಬಂಧಿಸಿದ್ದಳು. ಅದೇ ಹೊಳೆಮರಳಿನಲ್ಲಿ ಕಲ್ಲಂಗಡಿ ಬೆಳೆಯುವ, ಇಪ್ಪತ್ತಾರರ, ಮಾತು ಕಡಿಮೆಯ ಮನುಷ್ಯ.

ಬಂಧಿಸದೆ ಏನು ಮಾಡುತ್ತಾಳೆ? ಓಡುವ ಕುದುರೆಗಳ ಚಿತ್ರ ಬೇಕೆಂದು ಮಲ್ಲೇಶ ಹಿಂದಿನ ವಾರ ಅವುಗಳನ್ನು ಇವನ ಬಳ್ಳಿಗಳ ಮೇಲೆ ಹಾಯಿಸಿದ್ದ. ಇವನು ನಾಲ್ಕು ಜನರೆದುರು ಕಲ್ಲು ತೂರಿದ್ದ. ಸತ್ತವನ ಕ್ಯಾಮೆರಾ ಇವನ ಗುಡಿಸಲಲ್ಲಿ ಸಿಕ್ಕಿತು, ಅಂಗಿಯ ಮೇಲೆ ಅವನ ರಕ್ತ. "ಎತ್ತಿ ಕೂಡ್ಸಾಕ ಹೋಗಿದ್ನಿ, ಕ್ಯಾಮೆರಾ ಕಳುವಾಗಬಾರ್ದಂತ ಒಳಗ ಇಟ್ನಿ" ಎಂಬುದನ್ನು ಬಿಟ್ಟು ಇವನ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಸರ್ಕಲ್ ಸಾಹೇಬರದಂತೂ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸ್ವಭಾವ. "ಮರಳು ತೋಡೋ ಸಲಿಕಿಲೇ ಹೊಡದಾನ. ನಾಳೆ ಐದರೊಳಗ ಕೋರ್ಟಿಗೆ ಹಾಜರ್ ಮಾಡಿ ಜೈಲಿಗೆ ಕಳಿಸಮ್ಮ" ಎಂದು ಫೋನ್ ಇಟ್ಟಿದ್ದರು. ಅವರಿಗೆ ಅಲ್ಲಿಗೆ ಮುಗಿಯಿತು. ಸುನಂದಾಳಿಗೆ ಮುಗಿಯಲಿಲ್ಲ. ಬಳ್ಳಿಯ ಸಿಟ್ಟಿಗೆ ಕೊಲ್ಲುವವನು ಹೆಣದ ಮುಖಕ್ಕೆ ಬಿಸಿಲು ಬಡಿಯಬಾರದೆಂದು ತನ್ನ ಟವೆಲ್ ಹೊದಿಸುತ್ತಾನೆಯೇ? ಹೊದಿಸಿ ತಾನೇ ಠಾಣೆಗೆ ಫೋನ್ ಮಾಡುತ್ತಾನೆಯೇ? ತಪ್ಪು ಮನುಷ್ಯನನ್ನು ಒಳಗೆ ಹಾಕಿದೆನೆಂಬ ಅಳುಕು ನಿನ್ನೆಯಿಂದ ಅವಳನ್ನು ತಿನ್ನುತ್ತಿತ್ತು. ಒಮ್ಮೆ ಜೈಲಿಗೆ ಹೋದರೆ ಅಂಥವನಿಗೆ ಜಾಮೀನು ಕೊಡುವವರು ಯಾರು, ವಕೀಲನನ್ನು ಹಿಡಿಯುವವರು ಯಾರು? ವರ್ಷಗಳೇ ಉರುಳಿಹೋಗುತ್ತವೆ.

"ಒಂದು ಅನುಮಾನ ಚಾಚಾ. ಹೊಳಿಗಿ ಬಿಟ್ಟ ಕುದ್ರಿಗಿ ಲಾಳ ಎಲ್ಲಿರ್ತದ?"

ಗುಡುಸಾಬ ಕುಲುಮೆಯ ಕೆಂಡ ಕೆದಕಿದ. ಟಾಂಗಾದವರದೊಂದು ಹಳೆಯ ರಿವಾಜು. ದುಡಿದು ದಣಿದ ಕುದುರೆಯನ್ನು ಹೊಳೆಗೆ ಬಿಡುವ ಮುಂಚೆ ಲಾಳಗಳನ್ನೆಲ್ಲ ಕೀಳಿಸಬೇಕು, ಕಬ್ಬಿಣ ಸಮೇತ ಬಿಟ್ಟರೆ ಪಾಪ ಸುತ್ತಿಕೊಳ್ಳುತ್ತದೆ. ಈಗ ಆ ಮರಳಿನಲ್ಲಿ ಓಡಾಡುವ ಹದಿನಾಲ್ಕು ಕುದುರೆಗಳಲ್ಲಿ ಮುದಿಯಾದವುಗಳ ಲಾಳ ಕಿತ್ತವನು ಇವನೇ. ಉಳಿದವು ಅಲ್ಲೇ ಹುಟ್ಟಿದವು, ಕಬ್ಬಿಣವನ್ನೇ ಕಂಡವಲ್ಲ.

"ಎಲ್ಲಿಂದರ ಒಂದು ತಪ್ಪಿಸ್ಕೊಂಡು ಬಂದು ಕೂಡಿರಬೌದು," ಎಂದ ಕೊನೆಗೆ. "ಕುದ್ರಿ ಕುದ್ರಿನ್ನ ಹುಡಿಕ್ಯಾಡ್ಕೊಂಡು ಹೋಗ್ತದ ತಾಯಿ."

ಸುನಂದಾ ಚೀಲದಿಂದ ಇನ್ನೊಂದು ಫೋಟೋ ತೆಗೆದಳು. ಮಲ್ಲೇಶನ ಕ್ಯಾಮೆರಾದಲ್ಲಿದ್ದ ಕೊನೆಯ ಚಿತ್ರ, ಹಿಂದಿನ ವಾರ ತೆಗೆದದ್ದು. ಕಣ್ಣು ಹಾಯುವ ತನಕ ಮರಳು, ರಾಜಸ್ಥಾನ ಎಂದು ಹೇಳಿದರೂ ನಂಬಬೇಕು. ಎಳೆಬಿಸಿಲಿನಲ್ಲಿ ಮಣ್ಣುಬಣ್ಣದ ಕುದುರೆಗಳು ಧೂಳೆಬ್ಬಿಸಿಕೊಂಡು ಬರುತ್ತಿವೆ. ಅವುಗಳ ಮುಂದೆ ಒಂದೇ ಒಂದು ಬಿಳಿ ಹೆಣ್ಣು ಕುದುರೆ. ಮಲ್ಲೇಶ ಎಂಥವನೇ ಇರಲಿ, ಕಣ್ಣು ಮಾತ್ರ ದೇವರು ಕೊಟ್ಟ ಕಣ್ಣು.

"ಈ ಬಿಳೇದು ನಿಮಗ ಗುರ್ತು ಸಿಗ್ತದೇನ್ರೀ?"

ಗುಡುಸಾಬ ಕನ್ನಡಕ ತೆಗೆದು ಜೇಬಿಗಿಟ್ಟ. "ಇಷ್ಟು ಸಣ್ಣಂದು ನನ್ನ ಕಣ್ಣಿಗಿ ಕಾಣಾಂಗಿಲ್ಲ ತಾಯಿ."

ಬೆರಳುದ್ದದ ಗಾಯ ಕಂಡ ಕಣ್ಣಿಗೆ ಕುದುರೆ ಕಾಣಲಿಲ್ಲ! ಸುನಂದಾ ಅದನ್ನು ಅಲ್ಲೇ, ಆಗಲೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬೇಕಾದ ಮಾತು ಸಿಕ್ಕ ಸಂತೋಷದಲ್ಲಿ ಪೊಲೀಸರೂ ಎಲ್ಲರಂಥ ಮನುಷ್ಯರೇ. ಹೇಳಿಕೆ ಬರೆದುಕೊಂಡಳು, ಓದಿ ಹೇಳಿದಳು. ಮುದುಕ ಉರ್ದುವಿನಲ್ಲಿ ಸಹಿ ಹಾಕಿದ.

ಜೀಪಿನಲ್ಲಿ ಕುಳಿತು ಆ ಫೋಟೋವನ್ನು ಮತ್ತೊಮ್ಮೆ ನೋಡಿದಾಗ ಬಾಲದ ತುದಿ ಕಣ್ಣಿಗೆ ಬಿತ್ತು. ಬಿಳಿ ಬಾಲದ ಕೊನೆಯ ಗೇಣುದ್ದ ಇಟ್ಟಿಗೆಗೆಂಪು. ಧೂಳಾಗಿದ್ದರೆ ಮೈಯೆಲ್ಲ ಇರಬೇಕಿತ್ತು. ಇದು ಮದರಂಗಿ.

ಕಾಡು ಕುದುರೆಯ ಬಾಲಕ್ಕೆ ಮದರಂಗಿ ಹಚ್ಚುವ ಪುಣ್ಯಾತ್ಮರು ಯಾರು? ಮದುವೆ ಮೆರವಣಿಗೆಯ ಕುದುರೆಗೆ ಮಾತ್ರ ಆ ಸಿಂಗಾರ. ಹೋದ ವರ್ಷ ಚಿಕ್ಕಪ್ಪನ ಮಗಳು ಕಾವ್ಯಾಳ ಮದುವೆಯಲ್ಲಿ ಮದುಮಗ ಇಂಥದೇ ಕುದುರೆಯ ಮೇಲೆ ಕುಳಿತು ಬಂದಿದ್ದ. ಬಂದ ಕುದುರೆ ಮಾನ್ವಿಯದು. ರಂಜಾನಬಿಯ ಕುದುರೆ.

"ಮಾನ್ವಿಗಿ ನಡೀರಿ," ಎಂದಳು ಡ್ರೈವರನಿಗೆ. ಗಡಿಯಾರ ಹನ್ನೊಂದೂಕಾಲು. ಆ ಕುದುರೆಯ ಹಿಂಗಾಲಿನ ಲಾಳ ತಂದು ಗಾಯದ ಪಕ್ಕಕ್ಕಿಟ್ಟರೆ ಸರ್ಕಲ್ ಸಾಹೇಬರ ಸಲಿಕೆ ತಾನಾಗಿ ಮುರಿದುಬೀಳುತ್ತದೆ. ಅಲ್ಲಿಂದ ಸಿರವಾರದ ಮೇಲೆ ಹೋದರೆ ಐದರೊಳಗೆ ದೇವದುರ್ಗ.

ಕಲ್ಲೂರು ದಾಟುವಾಗ ಠಾಣೆಗೆ ಫೋನ್ ಮಾಡಿದಳು. ಹೆಡ್ ಕಾನ್‌ಸ್ಟೇಬಲ್ ಬೂದೆಪ್ಪ ಎತ್ತಿದ.

"ಆಂಜನೇಯನ ತಾಯಿ ಅಯ್ಯಮ್ಮ ನಿನ್ನಿಯಿಂದ ಬೇವಿನ ಗಿಡದ ಬುಡಕ್ಕ ಕುಂತಾಕಿ ಎದ್ದೇ ಇಲ್ರೀ ಮೇಡಂ. ನೀರು ಕೊಟ್ರ ಸೈತ ಒಲ್ಲೆ ಅಂತಾಳ."

"ಫೋನ್ ಕೊಡ್ರಿ ಆಕಿಗಿ."

ಬೂದೆಪ್ಪ ಫೋನನ್ನು ಅಯ್ಯಮ್ಮನ ಕಿವಿಗೆ ಹಿಡಿದ.

"ಯವ್ವಾ, ಗಾಬರಿ ಆಗಬ್ಯಾಡ. ಕುದ್ರಿ ಒದ್ದದ ಅಂತ ತಿಳದವ್ರು ಬರದು ಕೊಟ್ಟಾರ. ಇವತ್ತು ನಿನ್ನ ಮಗ ಮನಿಗಿ ಬರ್ತಾನ."

"ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ," ಎಂದಳು ಅಯ್ಯಮ್ಮ.

ಕೊಡಬಾರದ ಮಾತು ಕೊಟ್ಟೆನೇನೋ ಎಂದು ಸುನಂದಾಳಿಗೆ ಅನ್ನಿಸಿದ್ದು ಫೋನ್ ಇಟ್ಟ ಮೇಲೆ. ಆಡಿದ ಮಾತು, ಒಡೆದ ಮುತ್ತು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು ಡಾಂಬರನ್ನು ಕುದಿಸುತ್ತಿತ್ತು.

ರಂಜಾನಬಿಗೆ ನಲವತ್ತೈದರ ಆಚೀಚೆ. ಗಂಡ ತೀರಿಹೋಗಿದ್ದ. ತಂದೆ ಟಾಂಗಾ ಹೊಡೆದವನು, ಅವನ ಕಾಲದ ಕುದುರೆಯ ಮರಿಮಗಳೇ ಈ ಮೋತಿ. ಮನೆಯ ಹಿಂದೆ ತಗಡಿನ ನೆರಳಿನಲ್ಲಿ ಜೋಳದ ಕಣಕಿ ಅಗಿಯುತ್ತ ನಿಂತಿತ್ತು.

"ಮದುವಿಗಿ ಹೋಗೂದು ಬಿಟ್ರ ನಮ್ಮ ಮೋತಿ ಈ ಅಂಗಳ ದಾಟಾಂಗಿಲ್ರೀ ಮೇಡಂ," ಎಂದಳು ಕೇಳುವ ಮುಂಚೆಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

"ಹೊಳಿಗಿ?"

"ಹೊಳಿಗಿ ಯಾಕ ಹೋಗ್ತದ್ರೀ?"

ಸುನಂದಾ ಹೋಗಿ ಫೋಟೋವನ್ನು ಮೋತಿಯ ಬಾಲದ ಪಕ್ಕ ಹಿಡಿದಳು. ಗೇಣುದ್ದದ ಕೆಂಪು ಅಲ್ಲಿಯೂ ಅಷ್ಟೇ, ಇಲ್ಲಿಯೂ ಅಷ್ಟೇ.

"ಈ ಮದರಂಗಿ ಹಚ್ಚಿದ ಕೈ ಯಾವುದು?"

ರಂಜಾನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಬೆರಳ ತುದಿಗಳೂ ಅದೇ ಬಣ್ಣಕ್ಕಿದ್ದವು.

"ನನ್ನ ಕುದ್ರಿ ಒಯ್ಯಬ್ಯಾಡ್ರಿ ಮೇಡಂ. ಇದೊಂದೇ ಅದ ನನಗ. ಇದು ಏನೂ ಮಾಡಿಲ್ಲ."

"ಒಯ್ಯಾಂಗಿಲ್ಲ. ನಡದದ್ದು ಹೇಳ್ರಿ. ಒಬ್ಬ ತಾಯಿ ಮಗ ಕಂಬಿ ಹಿಂದ ಅದಾನ."

ಅವಳು ಹೇಳಿದಳು. ಮಲ್ಲೇಶ ಮೋತಿಯನ್ನು ಹೊಳೆಗೆ ಒಯ್ದದ್ದು ಇದು ಮೂರನೇ ಸಲ. ಕಾಡುಬಿದ್ದ ಕುದುರೆಗಳು ಮನುಷ್ಯರ ವಾಸನೆಗೇ ಓಡುತ್ತವೆ, ಹೆಣ್ಣು ಕುದುರೆಯೊಂದನ್ನು ಮುಂದೆ ಬಿಟ್ಟರೆ ಮಾತ್ರ ಹಿಂಡಿಗೆ ಹಿಂಡೇ ಕ್ಯಾಮೆರಾದ ಹತ್ತಿರ ಬರುತ್ತದೆ. ಆ ಚಿತ್ರಗಳನ್ನು ಕಾಡು ಕುದುರೆಗಳೆಂದು ದೊಡ್ಡ ಸ್ಪರ್ಧೆಗೆ ಕಳಿಸುವುದು ಅವನ ಹುಚ್ಚು. ಮಾನ್ವಿಯ ಮದುವೆಗಳೆಲ್ಲ ಅವನ ಬಾಯಲ್ಲಿ. ಅವನು ಹೇಳಿದರೆ ಮೋತಿಗೆ ಮೆರವಣಿಗೆ ಸಿಗುತ್ತಿತ್ತು. ಆಗದೆಂದು ಹೇಳುವುದು ಹೇಗೆ?

"ಹೋದ ವರ್ಷ ಕಳಿಸಿದ ಫೋಟೋ ತಿರುಗಿ ಬಂತ್ರೀ. ಕಾಡು ಕುದ್ರಿ ಕಾಲಾಗ ಲಾಳ ಹೊಳ್ಯಾಕತ್ತದಲ್ಲ ಅಂತ ನಕ್ಕು ಕಳಿಸಿದ್ರಂತ. ಅದು ಅವನ ಎದಿಯಾಗ ಮುಳ್ಳಾಗಿ ಕುಂತಿತ್ತು. ಈ ಸಲ ಲಾಳ ಕೀಳಿಸೇ ತೆಗೀತೀನಿ ಅಂದ."

"ಇಲ್ಲೇ ಕೀಳಿಸಿ ಒಯ್ಯಬೌದಿತ್ತಲ್ಲ?"

"ಮರುದಿನ ಸಿಂಧನೂರಾಗ ಮೆರವಣಿಗಿ ಇತ್ತು. ಬರಿಗಾಲ್ಲೇ ಡಾಂಬರ ಮ್ಯಾಲ ನಡದ್ರ ಗೊರಸು ಸವದು ಹೋಗ್ತದ್ರೀ, ನಾ ಒಲ್ಲೆ ಅಂದೆ. ಹಂಗಾರ ಹೊಳಿಯಾಗ ಕೀಳಿಸಿ, ಫೋಟೋ ಮುಗಿದ ಮ್ಯಾಲ ಅಲ್ಲೇ ಬಡಿಸಿ ಕಳಸ್ತೀನಿ ಅಂದ. ಅಲ್ಲಿ ಯಾರು ಕೀಳ್ತಾರಪ್ಪ ಅಂದ್ರ ಬರೇ ನಕ್ಕ."

ಸುನಂದಾಳ ಮನಸ್ಸು ಇನ್ನೂ ಹಿಂಗಾಲಿನಲ್ಲೇ ಇತ್ತು. ಬೇಗ ಲಾಳದ ಅಳತೆ ತೆಗೆದುಕೊಂಡು ಹೊರಡಬೇಕು.

"ಹಿಂಗಾಲು ಎತ್ತಿಸ್ರಿ ನೋಡೂಣು."

ರಂಜಾನಬಿ ಮೋತಿಯ ತೊಡೆ ಸವರಿ ಕಾಲು ಎತ್ತಿಸಿದಳು. ಬರಿ ಗೊರಸು. ಅಂಚು ನುಣ್ಣಗೆ ಸವೆದಿತ್ತು. ಲಾಳವಿಲ್ಲ, ಮೊಳೆ ಹೊಕ್ಕ ಒಂದು ತೂತೂ ಇಲ್ಲ. ಇನ್ನೊಂದು ಕಾಲೂ ಅಷ್ಟೇ.

"ಇದರ ಲಾಳ ಎಲ್ಲಿ?"

"ಹಿಂಗಾಲಿಗಿ ಲಾಳ?" ರಂಜಾನಬಿ ಭಯದ ನಡುವೆಯೂ ಅಚ್ಚರಿಯಿಂದ ನೋಡಿದಳು. "ಮೆರವಣಿಗಿ ಕುದ್ರಿಗಿ ಯಾರರ ಹಿಂದ ಕಬ್ಬಿಣ ಬಡಸ್ತಾರೇನ್ರೀ? ಹಿಂದ ಮಂದಿ ಕುಣೀತಿರ್ತಾರ, ಪಟಾಕಿ ಹಾರಸ್ತಾರ. ಬೆದರಿ ಒಂದು ಸಲ ಝಾಡಿಸಿದ್ರ ಮದುವಿ ಮನ್ಯಾಗ ಹೆಣಾನೇ. ಮುಂದ ಎರಡೇ ಎರಡು. ಹುಟ್ಟಿದಾಗಿಂದ ಮೋತಿಗಿ ಹಿಂದ ಬಡಿಸೇ ಇಲ್ಲ."

"ಯಾರು ಹೇಳಿದ್ರು ಹಂಗಂತ?"

"ಗುಡುಸಾಬ ಚಾಚಾ ಹೇಳಿದ್ದು. ರಾಯಚೂರು ಟೇಸನ್ ಹಿಂದಿನ ನಾಲಬಂದ ಚಾಚಾ. ಮೋತಿ ಕಾಲಿಗಿ ಆ ಕೈ ಬಿಟ್ರ ಬ್ಯಾರೆ ಕೈ ಹತ್ತೇ ಇಲ್ರೀ."

ಮೋತಿ ಹುಟ್ಟಿದಾಗಿನಿಂದ ಅದರ ಕಾಲನ್ನು ತೊಡೆಯ ಮೇಲಿಟ್ಟುಕೊಂಡವನಿಗೆ ಬೆಳಿಗ್ಗೆ ಅದರ ಗುರುತು ಸಿಗಲಿಲ್ಲವಂತೆ!

"ಹಿಂಗಾಲಿನ ಲಾಳ ಒಂದರ ಅದ ಏನ್ರೀ ಮನ್ಯಾಗ?"

ಹಿತ್ತಿಲ ಬಾಗಿಲ ಮೇಲೆ ತಂದೆಯ ಟಾಂಗಾ ಕುದುರೆಯ ಲಾಳ ಹೊಡೆದಿತ್ತು. ಅದು ಹಿಂಗಾಲಿನದು. ಸುನಂದಾ ಗಾಯದ ಫೋಟೋವನ್ನು ಅದರ ಕೆಳಗೆ ಹಿಡಿದಳು. ಲಾಳ ಉದ್ದಕ್ಕಿತ್ತು, ತುದಿ ಚೂಪಾಗಿ ಕೋಳಿಮೊಟ್ಟೆಯ ಹಾಗೆ ಕಿರಿದಾಗಿತ್ತು. ಗಾಯ ಮಾತ್ರ ಬಳೆಯ ಚೂರಿನಂತೆ ದುಂಡಗಿತ್ತು. ಆಮೇಲೆ ಮೋತಿಯ ಬಲ ಮುಂಗಾಲು ಎತ್ತಿಸಿದಳು. ಆ ಕಾಲ ಲಾಳ ಅಷ್ಟೇ ದುಂಡಗಿತ್ತು. ಅಳತೆಪಟ್ಟಿ ಇಟ್ಟಳು. ಗೆರೆಗೆ ಗೆರೆ ಕೂಡಿತು.

ಕುದುರೆ ಹಿಂಗಾಲಿನಿಂದ ಒದೆಯುತ್ತದೆ. ಮಲ್ಲೇಶನ ತಲೆಗೆ ಬಿದ್ದದ್ದು ಮುಂಗಾಲಿನ ಲಾಳ. ಎರಡರ ವ್ಯತ್ಯಾಸ ಅವಳಿಗೆ ಇದೀಗ ಗೊತ್ತಾಯಿತು. ಐವತ್ತೆರಡು ವರ್ಷದ ಕೈಗೆ ಗೊತ್ತಿಲ್ಲದೆ ಇದ್ದೀತೇ?

"ಎಡಗಾಲು ಎತ್ತಿಸ್ರಿ."

ರಂಜಾನಬಿ ತಲೆ ತಗ್ಗಿಸಿದಳು. "ಅದರಾಗ ಇಲ್ರೀ."

ಎಡ ಮುಂಗಾಲು ಬರಿದಾಗಿತ್ತು. ಮೊಳೆಯ ಆರು ತೂತುಗಳು, ಸುತ್ತ ಒಂದು ಬಿರುಕೂ ಇಲ್ಲ.

"ಓಡುವಾಗ ಕಳಚಿ ಬಿತ್ತೇನು?"

"ತಾನೇ ಕಳಚಿದ್ರ ಗೊರಸಿನ ಅಂಚು ಕಿತ್ಕೊಂಡು ಬರ್ತದ್ರೀ. ಇದು ಇಕ್ಕಳ ಹಾಕಿ, ಮೊಳಿ ಬಿಚ್ಚಿ, ಸಾವಕಾಶ ತೆಗದದ್ದು. ಅವತ್ತು ಮಧ್ಯಾಹ್ನ ಮಲ್ಲೇಶ ಗೊತ್ತು ಮಾಡಿದ್ದ ಗಾಡಿಯಂವ ಮೋತಿನ್ನ ತಂದು ಬಿಟ್ಟಾಗ ಹಿಂಗೇ ಇತ್ತು. ರೋಡಿನ ಬಾಜೂಕ ಜಾಲಿ ಗಿಡಕ್ಕ ಕಟ್ಟಿತ್ತು, ಯಾರೂ ಇರ್ಲಿಲ್ಲ ಅಂದ. ಸಂಜಿಕ್ಕ ಮಲ್ಲೇಶ ಸತ್ತ ಸುದ್ದಿ ಬಂತು. ನಾ ಬಾಯಿ ಮುಚ್ಕೊಂಡೆ. ಮೆರವಣಿಗೀನೂ ಬಿಟ್ಟೆ."

ಸುನಂದಾ ಕಣಕಿಯ ಸಿವುಡಿನ ಮೇಲೆ ಕುಳಿತಳು. ಎರಡು ಲಾಳ ಕೀಳಬೇಕಿತ್ತು. ಒಂದನ್ನು ಕಿತ್ತದ್ದಾಗಿದೆ, ಇನ್ನೊಂದಕ್ಕೆ ಇಕ್ಕಳ ತಾಗಿಲ್ಲ. ಎಡಗಾಲು ಮುಗಿಸಿ ಬಲಗಾಲಿಗೆ ಕೈ ಹಾಕುವಷ್ಟರಲ್ಲಿ ಆ ಮರಳಿನ ಮೇಲೆ ಏನೋ ಆಗಿದೆ. ಕೈಯಲ್ಲಿದ್ದ ಕಬ್ಬಿಣವೇ ಆಯುಧವಾಗಿದೆ. ಗೊರಸು ಒಡೆಯದಂತೆ ಲಾಳ ಕೀಳುವ ಕೈ ಒಂದೇ ಒಂದು ಉಳಿದಿದೆ. ಅದೇ ಕೈ ಇಂದು ಬೆಳಿಗ್ಗೆ ಅವಳೆದುರು ಸುಳ್ಳಿಗೆ ಸಹಿ ಹಾಕಿತು.

ಸಿಟ್ಟು ಬಂತು. ಮುದುಕನ ಮೇಲಲ್ಲ, ತನ್ನ ಮೇಲೆ. ಆದರೆ ಸಿಟ್ಟಿನ ಹಿಂದೆಯೇ ಒಂದು ಸಮಾಧಾನವೂ ಬಂತು. ಆಂಜನೇಯನ ಹತ್ತಿರ ಇಕ್ಕಳವಿರಲಿಲ್ಲ, ಲಾಳದ ವಿದ್ಯೆಯೂ ಇರಲಿಲ್ಲ. ಕುದುರೆ ಒದೆಯದಿದ್ದರೂ ಅವನು ನಿರಪರಾಧಿಯೇ. ಈ ಗೊರಸನ್ನು ತೋರಿಸಿದರೆ ಸರ್ಕಲ್ ಸಾಹೇಬರೂ ಸುಮ್ಮನಾಗಬೇಕು. ಅಯ್ಯಮ್ಮನಿಗೆ ಕೊಟ್ಟ ಮಾತು ಉಳಿಯಿತು.

ಮೋತಿಯ ನಾಲ್ಕೂ ಕಾಲಿನ ಫೋಟೋ ತೆಗೆದುಕೊಂಡು, ರಂಜಾನಬಿಯ ಹೇಳಿಕೆ ಬರೆದುಕೊಂಡು ಏಳುವಷ್ಟರಲ್ಲಿ ಎರಡೂವರೆ. ಜೀಪಿನ ಕಡೆ ಹೆಜ್ಜೆ ಹಾಕಿದ್ದೇ ತಡ, ಫೋನ್ ಬಡಿದುಕೊಂಡಿತು. ಬೂದೆಪ್ಪ.

"ಮೇಡಂ, ಲಗೂ ಬರ್ರಿ."

"ಏನಾತು?"

"ರಾಯಚೂರ ಬಸ್ಸಿಗಿ ಒಬ್ರು ಮುದುಕ್ರು ಬಂದಾರ. ಗುಡುಸಾಬ ಅಂತ. ನೀವು ಕರೆಸಿರಬೇಕಂತ ಒಳಗ ಬಿಟ್ನಿ. ಒಂದ ಮಾತಾಡ್ಲಿಲ್ರೀ. ಕಂಬಿ ಮುಂದ ನಿಂತು ಆಂಜನೇಯನ್ನ ನೋಡಿದ್ರು, ಅಷ್ಟೇ. ಅಂವ ಇವ್ರ ಮಾರಿ ನೋಡಿದಂವನೇ 'ನಾನೇ ಹೊಡದೀನಿ, ಬರ್ಕೊಳ್ರಿ' ಅಂತ ಚೀರಾಕತ್ತಾನ."

ಸುನಂದಾ ನಡುದಾರಿಯಲ್ಲಿ ನಿಂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಇರಬೇಕು.

"ಅಯ್ಯಮ್ಮ ಎಲ್ಲಿ?"

"ಆ ಮುದುಕ್ರ ಕಾಲು ಹಿಡ್ಕೊಂಡು ಕುಂತಾಳ್ರೀ. ಬಿಡಸಾಕ ಹೋದ್ರೂ ಬಿಡವಲ್ಲಳು. ಅವ್ರೂ ಅಳಾಕತ್ತಾರ."

"ಆಂಜನೇಯ ಸುಳ್ಳ ಹೇಳಾಕತ್ತಾನ ಬೂದೆಪ್ಪ. ಯಾರನ್ನೋ ಉಳಸಾಕ ಹೇಳಾಕತ್ತಾನ. ಯಾತರಲೇ ಹೊಡದಿ ಅಂತ ಕೇಳ್ರಿ. ಸಲಿಕಿ ಅಂತಾನ, ನೋಡ್ರಿ ಬೇಕಾದ್ರ."

"ಕೇಳೀನ್ರೀ ಮೇಡಂ. ಸಲಿಕಿ ಅಲ್ಲಂತ. ಬಿಳಿ ಕುದ್ರಿ ಲಾಳದ್ಲೇ ಅಂತ. ಎಡಗಡಿ ಮುಂಗಾಲಿನ ಲಾಳ."

ಸುನಂದಾ ತಿರುಗಿ ಅಂಗಳದ ಕಡೆ ನೋಡಿದಳು. ಆ ಕಾಲಿನ ಸಂಗತಿ ಅವಳಿಗೆ ತಿಳಿದು ಇನ್ನೂ ಅರ್ಧ ಗಂಟೆಯಾಗಿಲ್ಲ. ಯಾವ ಕಡತದಲ್ಲೂ ಅದು ಇಲ್ಲ. ಆ ಬೆಳಗು ಆ ಮರಳಿನ ಮೇಲೆ ನಿಂತು ಕಣ್ಣಾರೆ ಕಾಣದವನಿಗೆ ಅದು ತಿಳಿದಿರಲು ಸಾಧ್ಯವೇ ಇಲ್ಲ.

"ಪೊಲೀಸ್ರ ಮುಂದ ಹೇಳಿದ್ದು ಕೋರ್ಟಿನ್ಯಾಗ ನಡ್ಯಾಂಗಿಲ್ಲ ಅಂತ ಹೇಳ್ರಿ ಅವನಿಗಿ," ಎಂದಳು.

"ಅದನ್ನೂ ಹೇಳೀನ್ರೀ. ಜಡ್ಜ್ ಸಾಹೇಬ್ರ ಮುಂದೂ ಇದನ್ನೇ ಹೇಳ್ತೀನಿ ಅಂತಾನ. ಸರ್ಕಲ್ ಸಾಹೇಬ್ರು ಬಂದು ಕುಂತಾರ, ಪೆನ್ನು ಅವ್ರೇ ಕೊಟ್ಟಾರ." ಬೂದೆಪ್ಪ ದನಿ ತಗ್ಗಿಸಿದ. "ಸಹಿ ಮಾಡಾಕ ಕೈ ಚಾಚ್ಯಾನ್ರೀ ಮೇಡಂ. ತಗೊಳ್ಳೇನು, ತಡೀಲೇನು?"